ದುಡ್ಡು ಮಲಗೋಕೂ ಬಾಡಿಗೆ

ಶನಿವಾರ ಸಂಜೆ. ಕೆನಡಾದ ಮಿಸ್ಸಿಸಾಗಾದಲ್ಲಿ ಮೈನಸ್ ಹದಿನಾಲ್ಕು. ನಮ್ಮ ಅಡುಗೆಮನೆಯಲ್ಲಿ ಮಾತ್ರ ಮೇ ತಿಂಗಳ ದಾವಣಗೆರೆ. ಒಲೆ ಮೇಲೆ ಮಿರ್ಚಿ, ಟೇಬಲ್ ಮೇಲೆ ಮಂಡಕ್ಕಿ, ತಲೆ ಮೇಲೆ ಸ್ಮೋಕ್ ಅಲಾರಂ. ಮಿರ್ಚಿ ಎಣ್ಣೆಗೆ ಬಿದ್ದಾಗಲೆಲ್ಲ ಅದು ಕೂಗಿಕೊಳ್ಳುತ್ತದೆ. ಅದರ ಕೆಳಗೆ ನಿಂತು ಟವೆಲ್ ಬೀಸುವ ಡ್ಯೂಟಿ ಶೆಟ್ಟರದು. ಉಡುಪಿಯವರು, ಎತ್ತರದ ಆಳು.

ಇಷ್ಟೆಲ್ಲ ಏರ್ಪಾಡು ಹೊಸ ಹುಡುಗನಿಗಾಗಿ. ದಾವಣಗೆರೆಯವನು, ಬಂದು ಒಂಬತ್ತು ದಿನ. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ ಸಿಕ್ಕಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಮೂರನೇ ಮಿರ್ಚಿ ಮುರಿಯುತ್ತಾ ಕೇಳಿದ:

"ಅಣ್ಣಾ, ಯಾವ ಬ್ಯಾಂಕಲ್ಲಿ ಅಕೌಂಟ್ ತೆಗೀಲಿ?"

ಪಾಪ, ಗೊತ್ತಿಲ್ಲದೆ ಕೇಳಿದ. ನಾಲ್ಕು ಜನ ಕನ್ನಡಿಗರ ನಡುವೆ ಒಳ್ಳೆ ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳಿದ ಹಾಗಾಯಿತು. ಶೆಟ್ಟರು ಒಂದು ಬ್ಯಾಂಕಿನ ಹೆಸರು ಹೇಳಿದರು, ಧಾರವಾಡದ ಪಾಟೀಲ ಇನ್ನೊಂದು, ನಾನು ಮತ್ತೊಂದು. ಎಲ್ಲರದ್ದೂ ಅವರವರ ಬ್ಯಾಂಕೇ. ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ನನ್ನದನ್ನೇ ಹೇಳುತ್ತೇನೆ. ನಾನು ಬಂದ ವಾರ ಒಂದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬಸ್ ಬರೋಕೆ ಇಪ್ಪತ್ತು ನಿಮಿಷ ಇತ್ತು. ಎದುರಿಗೆ ಬ್ಯಾಂಕಿತ್ತು, ಅದರೊಳಗೆ ಹೀಟರ್ ಇತ್ತು. ಬಸ್ ಬರುವಷ್ಟರಲ್ಲಿ ನಾನು ಗ್ರಾಹಕನಾಗಿದ್ದೆ.

"ಅದೆಲ್ಲ ಇರಲಿ," ಅಂದಳು ಸುಮಾ. ನಮ್ಮವಳ ಚಿಕ್ಕಪ್ಪನ ಮಗಳು, ಶಿವಮೊಗ್ಗದವಳು, ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಾಳೆ. "ತಿಂಗಳಿಗೆ ಯಾರ್ಯಾರು ಎಷ್ಟೆಷ್ಟು ಕಟ್ತೀರಿ? ಮೊದಲು ಅದು ಹೇಳಿ."

ಹುಡುಗ ಮಿರ್ಚಿ ಕೆಳಗಿಟ್ಟ. "ಕಟ್ಟೋದಾ? ಬ್ಯಾಂಕು ನಮಗೆ ಬಡ್ಡಿ ಕೊಡುತ್ತಲ್ವಾ ಅಕ್ಕಾ?"

ನಾವು ನಕ್ಕ ರಭಸಕ್ಕೆ ಶೆಟ್ಟರ ಟವೆಲ್ ನಿಂತಿತು, ಅಲಾರಂ ಮತ್ತೆ ಕೂಗಿತು.

ಊರಿಂದ ಹೊಸದಾಗಿ ಬಂದ ಎಲ್ಲರಿಗೂ ಆಗುವ ಮೊದಲ ಪೆಟ್ಟು ಇದು. ನಮ್ಮಲ್ಲಿ ಬ್ಯಾಂಕಿನವರು ದಂಡ ಹಾಕುವುದು ಖಾತೆಯಲ್ಲಿ ಮಿನಿಮಮ್ ಇಲ್ಲದಿದ್ದರೆ. ಆ ದಂಡವನ್ನೂ ಕೆನರಾ ಬ್ಯಾಂಕಿನಂಥವರು 2025ರ ಜೂನ್‌ನಿಂದ ಉಳಿತಾಯ ಖಾತೆಗಳಿಗೆ ತೆಗೆದೇಬಿಟ್ಟರು. ಕೆನಡಾದ ದೊಡ್ಡ ಬ್ಯಾಂಕುಗಳಲ್ಲಿ ಖಾತೆ ಇದೆ ಅನ್ನುವುದಕ್ಕೇ ತಿಂಗಳ ಬಾಡಿಗೆ. ನಾವು ಬೇಸ್‌ಮೆಂಟಿನಲ್ಲಿ ಮಲಗೋಕೆ ಬಾಡಿಗೆ, ನಮ್ಮ ದುಡ್ಡು ಬ್ಯಾಂಕಿನಲ್ಲಿ ಮಲಗೋಕೆ ಬಾಡಿಗೆ. ಸಾಧಾರಣ ಖಾತೆಗೆ ಹನ್ನೊಂದರಿಂದ ಹದಿನೇಳು ಡಾಲರ್. ಜರ್ಬಿನ ಖಾತೆಯಾದರೆ ಮೂವತ್ತರ ಹತ್ತಿರ.

"ಹದಿನೇಳು," ಅಂದೆ ನಾನು, ಆದಷ್ಟು ಮೆಲ್ಲಗೆ.

ಸುಮಾ ಆಗಲೇ ಫೋನ್ ತೆಗೆದಿದ್ದಳು. "ವರ್ಷಕ್ಕೆ 204. ಎಷ್ಟು ವರ್ಷ ಆಯ್ತು ಭಾವ?"

"ಆರು."

"1,224 ಡಾಲರ್. ಇಲ್ಲಿನ ಡಾಲರ್‌ಗೆ ಅರವತ್ತು ರೂಪಾಯಿ ಅಂತ ಇಟ್ಕೊಂಡ್ರೂ ಎಪ್ಪತ್ತಮೂರು ಸಾವಿರ ಚಿಲ್ಲರೆ."

ಒಲೆ ಹತ್ತಿರದಿಂದ ಜರಡಿ ಸೌಟಿನ ಸದ್ದು ನಿಂತಿತು. "ಎಷ್ಟು ಅಂದೆ ಸುಮಾ?" ಅಂತ ನಮ್ಮವಳ ದನಿ. ನಾನು ಕಿಟಕಿಯಾಚೆ ಹಿಮ ನೋಡತೊಡಗಿದೆ. "ಟೇಬಲ್ ಟಾಪ್ ಗ್ರೈಂಡರ್ ತಗೊಳೋಣ ಅಂದಾಗ ಮುನ್ನೂರು ಡಾಲರ್ ದುಬಾರಿ ಅಂದಿದ್ರಲ್ಲ, ಅದೇ ಮನುಷ್ಯಾನಾ ಇವರು?"

ಅಲ್ಲಿಂದ ಮುಂದೆ ಸಂಜೆಯ ಹರಟೆ ನನ್ನ ಕೈತಪ್ಪಿತು.

ಶೆಟ್ಟರಿಗೆ ಹುಮ್ಮಸ್ಸು ಬಂತು. "ನೋಡಿ ಮಾರಾಯ್ರೆ, ನಾನು ಒಂದು ಸೆಂಟೂ ಕೊಡುವುದಿಲ್ಲ. ನಾಲ್ಕು ಸಾವಿರ ಡಾಲರ್ ಯಾವಾಗಲೂ ಅಕೌಂಟಲ್ಲಿ ಉಂಟು. ಅಷ್ಟು ಇದ್ರೆ ಫೀಸು ಮಾಫಿ."

"ಆ ನಾಲ್ಕು ಸಾವಿರಕ್ಕೆ ಬಡ್ಡಿ?"

"ಬಡ್ಡಿ ಎಂತದು? ದಿನದ ಖರ್ಚಿನ ಚೆಕ್ಕಿಂಗ್ ಅಕೌಂಟಲ್ವಾ."

"ಅಂದ್ರೆ ಬಾಡಿಗೆ ಬದಲು ಭೋಗ್ಯಕ್ಕೆ ಹಾಕಿದ್ದೀರಿ," ಅಂದಳು ಸುಮಾ.

ಇದು ಬೆಂಗಳೂರಿನಲ್ಲಿ ಮನೆ ಹುಡುಕಿದ ಎಲ್ಲರಿಗೂ ಥಟ್ಟನೆ ಅರ್ಥವಾಗುವ ಮಾತು. ದೊಡ್ಡ ಗಂಟು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಗಂಟಿನ ಬಡ್ಡಿ ಮನೆಯವನಿಗೆ. ಸುಮಾ ಲೆಕ್ಕ ಬಿಡಿಸಿದಳು. ಅದೇ ನಾಲ್ಕು ಸಾವಿರವನ್ನು ಬಡ್ಡಿ ಕೊಡುವ ಕಡೆ ಇಟ್ಟು ಶೇಕಡಾ ಎರಡು ಸಿಕ್ಕರೂ ವರ್ಷಕ್ಕೆ 80 ಡಾಲರ್. 204 ಉಳಿಸೋಕೆ 80 ಬಿಟ್ಟರೆ ನಷ್ಟವೇನಿಲ್ಲ, ಶೆಟ್ಟರ ಲೆಕ್ಕ ಅಷ್ಟರಮಟ್ಟಿಗೆ ಸರಿ. ಆದರೆ ಬಾಡಿಗೆಯೇ ಇಲ್ಲದ ಖಾತೆ ಪಕ್ಕದಲ್ಲೇ ಇರುವಾಗ ಆ 80 ಯಾಕೆ ಬಿಡಬೇಕು?

"ಮತ್ತೆ ನಾಲ್ಕು ಸಾವಿರ ತಿಂಗಳಿಗೊಂದು ದಿನ ಇದ್ರೆ ಸಾಕು ಅಂದ್ಕೊಂಡ್ರಾ? ಪ್ರತಿದಿನ, ದಿನದ ಕೊನೆಗೆ ಇರಬೇಕು. ಒಂದೇ ಒಂದು ದಿನ ಇಳಿದ್ರೂ ಪೂರ್ತಿ ಫೀಸು."

ಶೆಟ್ಟರು ಮಾತಾಡಲಿಲ್ಲ. ಟವೆಲ್ ಬೀಸುವ ವೇಗ ಜಾಸ್ತಿಯಾಯಿತು. ಪಾಟೀಲ ಬಿಡಬೇಕಲ್ಲ! "ಶೆಟ್ಟರ, ಆ ಕಾಫಿ ಕಥಿ ಹೇಳ್ರಲಾ."

ಕಥೆ ಇಷ್ಟು. ಕಳೆದ ವರ್ಷ ಒಂದು ದಿನ ಶೆಟ್ಟರು ಟಿಮ್ ಹಾರ್ಟನ್ಸ್‌ನಲ್ಲಿ ಒಂದು ಡಬಲ್ ಡಬಲ್ ಕಾಫಿ, ಜೊತೆಗೊಂದು ಡೋನಟ್ ತಗೊಂಡು ಡೆಬಿಟ್ ಕಾರ್ಡ್ ಮುಟ್ಟಿಸಿದರು. ಸಂಜೆಗೆ ಖಾತೆಯಲ್ಲಿ 3,998 ಡಾಲರ್ ಚಿಲ್ಲರೆ. ತಿಂಗಳ ಕೊನೆಗೆ ಹದಿನೇಳು ಡಾಲರ್ ಕಡಿತ. ಆ ಕಾಫಿ ಡೋನಟ್ಟಿಗೆ ಒಟ್ಟು ಬಿದ್ದದ್ದು ಇಪ್ಪತ್ತೊಂದು ಡಾಲರ್. ಮರುದಿನ ಶೆಟ್ಟರು ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತರು.

"ಜಗಳ ಮಾಡಿದ್ರಾ?" ಅಂದ ಹುಡುಗ.

"ಇಲ್ಲ ಮಾರಾಯ. ಜಗಳ ಮಾಡಿದ್ರೆ ಇಲ್ಲಿ ಕೆಲಸ ಆಗುವುದಿಲ್ಲ. ಬೇಜಾರಾದ ಮುಖ ಮಾಡಿದೆ, ಹತ್ತು ವರ್ಷದ ಗ್ರಾಹಕ ನಾನು ಅಂದೆ. ಈ ಒಂದು ಸಲಕ್ಕೆ ಅಂತ ಹೇಳಿ ವಾಪಸ್ ಹಾಕಿದ್ರು."

ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಕೇಳಿದವರಿಗೆ ಫೀಸು ವಾಪಸ್ ಬರುವುದುಂಟು, ಕೇಳದವರಿಗೆ ಎಂದೂ ಬರುವುದಿಲ್ಲ. ನಮ್ಮ ಜನ ಸೊಪ್ಪಿನವಳ ಹತ್ತಿರ ಒಂದು ಕಂತೆ ಪುದೀನಕ್ಕೆ ಹತ್ತು ನಿಮಿಷ ಚೌಕಾಸಿ ಮಾಡುತ್ತಾರೆ. ಹವಾನಿಯಂತ್ರಿತ ಕೌಂಟರ್ ಕಂಡರೆ ಮಾತ್ರ ಬಾಯಿ ಕಟ್ಟುತ್ತದೆ. ನಾನೂ ಅದೇ ಜಾತಿ.

ಪಾಟೀಲನ ಸರದಿ ಬಂತು. ಅವನದು ದೊಡ್ಡ ಗಾಯ.

"ನೋಡ್ರಿ, ನಮ್ಮೂರಾಗ ಸೇವಿಂಗ್ಸ್ ಅಕೌಂಟ್ ಅಂದ್ರ ಏನು? ಪಗಾರ ಅದರಾಗ, ಕರೆಂಟ್ ಬಿಲ್ ಅದರಾಗ, ಮಗನ ಫೀಸ್ ಅದರಾಗ. ಇಲ್ಲಿ ಬಂದು ಚೆಕ್ಕಿಂಗ್ ಬೇಕೋ ಸೇವಿಂಗ್ಸ್ ಬೇಕೋ ಅಂದ್ರು. ಚೆಕ್ ಯಾರ್ ಬರೀತಾರ, ಸೇವಿಂಗ್ಸೇ ಕೊಡ್ರಿ ಅಂದೆ. ಅದಕ್ಕ ತಿಂಗಳ ಫೀಸ್ ಇಲ್ಲ ಅಂತ ಬೋರ್ಡ್ ಬ್ಯಾರೆ ಇತ್ತು. ಖುಷಿ ಆತು."

"ಆಮೇಲೆ?"

"ಒಂಬತ್ತು ಸಲ ರೊಕ್ಕ ತಗದೀನ್ರಿ ಆ ತಿಂಗಳು. ಮೊದಲನೇದು ಫ್ರೀ. ಉಳಿದ ಎಂಟಕ್ಕ ಐದೈದು ಡಾಲರ್. ನಲವತ್ತು! ಬಡ್ಡಿ ಎಷ್ಟು ಬಂದಿತ್ತು ಗೊತ್ತೇನು? ಹನ್ನೊಂದು ಸೆಂಟ್."

ಸುಮಾ ಹುಡುಗನ ಕಡೆ ತಿರುಗಿದಳು. "ಗೊತ್ತಾಯ್ತಾ? ಇಲ್ಲಿ ಸೇವಿಂಗ್ಸ್ ಅಂದ್ರೆ ಹುಂಡಿ. ಹಾಕೋಕೆ ಮಾತ್ರ, ಪದೇ ಪದೇ ಕೈ ಹಾಕೋಕಲ್ಲ. ದಿನದ ಖರ್ಚಿಗೆ ಚೆಕ್ಕಿಂಗೇ ಬೇಕು."

"ಜಿಮ್ಮಿಂದೂ ಹೇಳೋ," ಅಂದೆ, ನನ್ನ 1,224 ಎಲ್ಲರೂ ಮರೆಯಲಿ ಅಂತ.

ಪಾಟೀಲ ಜನವರಿಯಲ್ಲಿ ಜಿಮ್ ಸೇರಿದ್ದ. ಹೋಗಿದ್ದು ಮೂರು ದಿನ. ಜಿಮ್ಮಿನವರು ಮಾತ್ರ ತಿಂಗಳು ತಪ್ಪದೆ ಬಂದರು, ಅವನ ಖಾತೆಗೆ. ಒಮ್ಮೆ ಇಪ್ಪತ್ತೊಂಬತ್ತು ಡಾಲರ್ ಎಳೆಯೋಕೆ ಬಂದಾಗ ಅಲ್ಲಿ ಇಪ್ಪತ್ತಾರು ಇತ್ತು. ಕಂತು ವಾಪಸ್ ಹೋಯಿತು. ದುಡ್ಡಿಲ್ಲದ್ದಕ್ಕೆ ಬ್ಯಾಂಕು ಹಾಕಿದ ದಂಡ ನಲವತ್ತೆಂಟು ಡಾಲರ್. ಜಿಮ್ಮಿನವರ ದಂಡ ಬೇರೆ.

"ಮೂರು ಡಾಲರ್ ಕಮ್ಮಿ ಬಿದ್ದದ್ದಕ್ಕ ನಲವತ್ತೆಂಟು! ರೊಕ್ಕ ಇಲ್ಲದಂವನ ಹತ್ರ ರೊಕ್ಕ ಇಲ್ಲ ಅಂತ ರೊಕ್ಕ ಕೇಳ್ತಾರಲ್ರಿ!"

ಈ ದೂರು ಪಾಟೀಲ ಒಬ್ಬನದಲ್ಲ. ಇಡೀ ದೇಶದ್ದು. ಅದಕ್ಕೇ ಸರ್ಕಾರ ಕಾನೂನು ತಂದಿತು. 2026ರ ಮಾರ್ಚ್ 12ರಿಂದ ಜನರ ಸ್ವಂತ ಖಾತೆಗಳಿಗೆ ಬ್ಯಾಂಕುಗಳು ಈ ದಂಡವನ್ನು ಹತ್ತು ಡಾಲರಿಗಿಂತ ಜಾಸ್ತಿ ಹಾಕುವಂತಿಲ್ಲ. ಕಮ್ಮಿ ಬಿದ್ದದ್ದು ಹತ್ತು ಡಾಲರಿಗಿಂತ ಕೆಳಗಿದ್ದರೆ ದಂಡವೇ ಇಲ್ಲ. ಪಾಟೀಲನ ಮೂರು ಡಾಲರಿಗೆ ಸೊನ್ನೆ ಆಗುತ್ತಿತ್ತು. "ನಂದ್ ಆದಮ್ಯಾಲ ಕಾನೂನು ಮಾಡ್ಯಾರ," ಅಂದ ಅವನು, ಸರ್ಕಾರ ಇವನೊಬ್ಬನಿಗಾಗಿ ಕಾದಿತ್ತೇನೋ ಅನ್ನುವ ಹಾಗೆ.

ಹುಡುಗ ಇನ್ನೂ ಮೊದಲ ಆಘಾತದಲ್ಲೇ ಇದ್ದ. "ಇಷ್ಟು ದೊಡ್ಡ ದೇಶ, ಬೇರೆ ಬ್ಯಾಂಕಿಲ್ವಾ ಅಣ್ಣಾ?"

"ಉಂಟು, ಆರು," ಅಂದರು ಶೆಟ್ಟರು. ಬೆರಳು ಮಡಿಸಿ ಎಣಿಸಿದರು. ಆರ್‌ಬಿಸಿ, ಟಿಡಿ, ಸ್ಕೋಶಿಯಾ, ಬಿಎಂಒ, ಸಿಐಬಿಸಿ. ಆರನೆಯದು ಕ್ಯೂಬೆಕ್ ಕಡೆ ಜಾಸ್ತಿ ಇರುವ ನ್ಯಾಷನಲ್ ಬ್ಯಾಂಕ್. ಚಿಕ್ಕಪುಟ್ಟವು ಬೇರೆ ಇವೆ, ಆದರೆ ಜನರ ದುಡ್ಡು ಬಹುಪಾಲು ಈ ಆರರಲ್ಲೇ. ಎಚ್‌ಎಸ್‌ಬಿಸಿ ಅಂತ ಒಂದಿತ್ತು, ಅದರ ಇಲ್ಲಿನ ವ್ಯವಹಾರವನ್ನೂ 2024ರ ಮಾರ್ಚ್‌ನಲ್ಲಿ ಆರ್‌ಬಿಸಿ ಕೊಂಡಿತು.

"ಇಡೀ ಕೆನಡಾಕ್ಕೆ ಆರು!" ಶೆಟ್ಟರ ದನಿ ಏರಿತು. "ನಮ್ಮ ಅವಿಭಜಿತ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಐದು ಬ್ಯಾಂಕು ಹುಟ್ಟಿತ್ತು ಮಾರಾಯ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕ್. ಒಂದು ಜಿಲ್ಲೆ!"

"ಈಗ ಅದರಾಗ ಎಷ್ಟು ಉಳದಾವ್ರಿ?" ಅಂದ ಪಾಟೀಲ.

ಶೆಟ್ಟರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಕೂತುಬಿಟ್ಟರು. ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಉಳಿದದ್ದು ಎರಡು. ಅವರಿಗೆ ಇದು ಮನೆಯ ಸಾವಿನ ಹಾಗೆ. ಅವರಪ್ಪ ಸಿಂಡಿಕೇಟ್ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು.

"ನನ್ನ ಅಜ್ಜಿಗೆ ಪಿಗ್ಮಿ ಇತ್ತು," ಅಂದರು ಸ್ವಲ್ಪ ಹೊತ್ತು ಬಿಟ್ಟು. ಸಿಂಡಿಕೇಟಿನವರು 1928ರಲ್ಲಿ ಶುರು ಮಾಡಿದ್ದು ಅದು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಅಜ್ಜಿಯ ಕಾಲಕ್ಕೆ ಎಂಟಾಣೆ, ಒಂದು ರೂಪಾಯಿ. ಸಂಜೆ ಐದಕ್ಕೆ ಪಿಗ್ಮಿಯವನು ಸೈಕಲ್ ಬೇಲಿಗೆ ಒರಗಿಸಿ ಬರುತ್ತಿದ್ದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಣ್ಯ ಕೊಡುತ್ತಿದ್ದರು. ಅವನು ಪುಸ್ತಕದಲ್ಲಿ ಬರೆದು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ನೀರು ಕುಡಿದು ಹೋಗುತ್ತಿದ್ದ. "ಮಳೆ ಇರಲಿ, ಎಂತ ಇರಲಿ, ಬ್ಯಾಂಕೇ ಅಜ್ಜಿಯ ಜಗಲಿಗೆ ಬರುತ್ತಿತ್ತು. ಇಲ್ಲಿ ಪೇಪರಲ್ಲಿ ಸ್ಟೇಟ್‌ಮೆಂಟ್ ಕಳಿಸಿ ಅಂದ್ರೆ ಅದಕ್ಕೂ ಚಾರ್ಜು."

ಯಾರೂ ನಗಲಿಲ್ಲ. ಹುಡುಗನೇ ಮೌನ ಮುರಿದ. "ಆದ್ರೆ ಇಲ್ಲಿ ಬ್ಯಾಂಕು ಮುಳುಗಲ್ಲ ಅಂತಾರಲ್ಲ ಅಂಕಲ್?"

ಅದೂ ನಿಜವೇ. 1930ರ ದಶಕದ ಮಹಾಕುಸಿತದಲ್ಲಿ ಪಕ್ಕದ ಅಮೆರಿಕದಲ್ಲಿ ಸಾವಿರಾರು ಬ್ಯಾಂಕು ಮುಚ್ಚಿದವು. ಕೆನಡಾದಲ್ಲಿ ಒಂದೂ ಮುಚ್ಚಲಿಲ್ಲ. ದೊಡ್ಡದಾಗಿ ಬೆಳೆದ ಕೆಲವೇ ಬ್ಯಾಂಕು, ದೇಶದ ತುಂಬ ಶಾಖೆ, ಒಂದು ಕಡೆ ಬೆಳೆ ಹೋದರೆ ಇನ್ನೊಂದು ಕಡೆ ತುಂಬಿಕೊಳ್ಳುತ್ತಿತ್ತು. ಸುಮಾ ಮಾತಿನಲ್ಲಿ ಹೇಳಬೇಕೆಂದರೆ, ಮುಳುಗದೆ ಇರೋಕೆ ಯಾವ ಕಾರಣವೋ ಫೀಸು ಇಳಿಯದೆ ಇರೋಕೂ ಅದೇ ಕಾರಣ. "ಸಂತೆಯಲ್ಲಿ ಆರೇ ಅಂಗಡಿ ಇದ್ರೆ ಬೆಲೆ ಯಾಕೆ ಇಳಿಸ್ತಾರೆ?"

"ಹಂಗಾರ ನೀ ಎಷ್ಟು ಕೊಡ್ತಿ?" ಪಾಟೀಲ ಕೇಳಿದ.

"ಸೊನ್ನೆ."

"ಮಿನಿಮಮ್?"

"ಅದೂ ಸೊನ್ನೆ."

ಸುಮಾಳದು ಕಟ್ಟಡ ಇಲ್ಲದ ಬ್ಯಾಂಕು. ಫೋನಿನಲ್ಲೇ ಎಲ್ಲ. ಟ್ಯಾಂಜರೀನ್, ಸಿಂಪ್ಲಿ, ಇಕ್ಯೂ ಬ್ಯಾಂಕ್, ಹೀಗೆ ಮೂರ್ನಾಲ್ಕು ಹೆಸರು ಹೇಳಿದಳು. ದಿನದ ಖಾತೆಗೆ ತಿಂಗಳ ಫೀಸಿಲ್ಲ, ಎಷ್ಟು ಸಲ ಬೇಕಾದರೂ ತೆಗೆಯಬಹುದು, ಇನ್ನೊಬ್ಬರಿಗೆ ದುಡ್ಡು ಕಳಿಸುವ ಇ-ಟ್ರಾನ್ಸ್‌ಫರ್‌ಗೂ ಕಾಸಿಲ್ಲ.

"ಕಟ್ಟಡ ಇಲ್ಲದ್ದು ಬ್ಯಾಂಕಾ?" ಶೆಟ್ಟರಿಗೆ ಜೀವ ಬಂತು. "ನಾಳೆ ಓಡಿಹೋದ್ರೆ ಯಾರ ಬಾಗಿಲಿಗೆ ಹೋಗಿ ಕೂರುವುದು?"

ಅದಕ್ಕೆ ಸುಮಾ ಕೊಟ್ಟ ಉತ್ತರ ನನಗೆ ಅವತ್ತಿನ ಸಂಜೆಯ ಅತಿ ದೊಡ್ಡ ಬೆಳಕು. ಟ್ಯಾಂಜರೀನ್ ಅನ್ನುವುದು 1997ರಲ್ಲಿ ಐಎನ್‌ಜಿ ಡೈರೆಕ್ಟ್ ಅಂತ ಶುರುವಾದದ್ದು. 2012ರಲ್ಲಿ ಅದನ್ನು ಕೊಂಡವರು ಸ್ಕೋಶಿಯಾ ಬ್ಯಾಂಕಿನವರು, 2014ರಲ್ಲಿ ಹೆಸರು ಬದಲಾಯಿತು. ಸಿಂಪ್ಲಿ 2017ರಲ್ಲಿ ಬಂತು, ಅದು ಸಿಐಬಿಸಿಯ ಒಂದು ವಿಭಾಗ. ಅಂದರೆ ಮುಂಬಾಗಿಲಲ್ಲಿ ತಿಂಗಳಿಗೆ ಹದಿನೇಳು ಕೇಳುವ ಮನೆಯವನೇ ಹಿತ್ತಲ ಬಾಗಿಲಲ್ಲಿ ಫ್ರೀಯಾಗಿ ಊಟ ಹಾಕುತ್ತಾನೆ. ಹಿತ್ತಲಿಗೆ ಸುತ್ತಿ ಹೋಗುವ ತೊಂದರೆ ತಗೊಳ್ಳದವರು ಹದಿನೇಳು ಕೊಡುತ್ತಾರೆ. ಎಟಿಎಂ ಕೂಡ ಅದೇ ದೊಡ್ಡ ಮನೆಯದ್ದು. ಟ್ಯಾಂಜರೀನ್ ಕಾರ್ಡಿಗೆ ಸ್ಕೋಶಿಯಾದ ಎಟಿಎಂ, ಸಿಂಪ್ಲಿಗೆ ಸಿಐಬಿಸಿಯದು.

"ಓಡಿಹೋದ್ರೆ ವಿಮೆ ಇದೆ ಶೆಟ್ಟರೇ. ಸಿಡಿಐಸಿ ಅಂತ, ಠೇವಣಿಗೆ ಸರ್ಕಾರದ ವಿಮೆ ಸಂಸ್ಥೆ. ಒಬ್ಬರಿಗೆ, ಒಂದು ಬ್ಯಾಂಕಲ್ಲಿ, ಒಂದು ಬಗೆಯ ಠೇವಣಿಗೆ ಒಂದು ಲಕ್ಷ ಡಾಲರ್‌ವರೆಗೆ. ಟ್ಯಾಂಜರೀನ್‌ಗೆ ಬೇರೆ ಲಕ್ಷ, ಸ್ಕೋಶಿಯಾಗೆ ಬೇರೆ. ಸಿಂಪ್ಲಿ ಮಾತ್ರ ಸಿಐಬಿಸಿ ಜೊತೆ ಸೇರಿಸಿ ಒಂದೇ ಲೆಕ್ಕ."

"ಲಕ್ಷ ಡಾಲರ್ ಇದ್ರ ನಾ ಬೇಸ್‌ಮೆಂಟ್‌ನ್ಯಾಗ ಯಾಕ ಇರ್ತಿದ್ದೆ?" ಅಂದ ಪಾಟೀಲ. ವಿಮೆಯ ವಿಚಾರ ಅಲ್ಲಿಗೇ ಮುಗಿಯಿತು.

ಆದರೂ ಶೆಟ್ಟರು ಒಂದು ಮಾತು ಗೆದ್ದರು. ಇವತ್ತು ಮಧ್ಯಾಹ್ನದೊಳಗೆ ಡ್ರಾಫ್ಟ್ ಬೇಕು ಅಂದರೆ ಫೋನಿಗೆ ಹೋಗಿ ಸಾಲು ನಿಲ್ಲೋಕಾಗುತ್ತಾ? ಅವರ ಹೆಂಡತಿಯ ಬಳೆ ಇರುವ ಲಾಕರ್? ಸುಮಾ ಒಪ್ಪಿದಳು. ಕಟ್ಟಡಕ್ಕೆ ಕೆಲಸ ಇದೆ, ಆದರೆ ವರ್ಷಕ್ಕೆ ಎರಡು ಸಲ.

ಮಾತು ಎಟಿಎಂ ಕಡೆ ಹೋಯಿತು. ಇದರಲ್ಲಿ ನಾನೇ ಪಂಡಿತ. ಊರಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತೆಗೆದರೂ ತಿಂಗಳಿಗೆ ಕೆಲವು ಸಲ ಫ್ರೀ, ಅದೇ ಚಾಳಿ ಇಲ್ಲೂ. ಒಂದು ರಾತ್ರಿ ಬಾಡಿಗೆ ಗಾಡಿಯವನಿಗೆ ನಗದು ಬೇಕಾಯಿತು. ಮೂಲೆ ಅಂಗಡಿಯಲ್ಲಿ ಲಾಟರಿ ಟಿಕೆಟ್ಟಿನ ಪಕ್ಕ ಒಂದು ಮಷೀನಿತ್ತು, ಯಾವ ಬ್ಯಾಂಕಿನ ಹೆಸರೂ ಇಲ್ಲದ್ದು. ಇಪ್ಪತ್ತು ಡಾಲರ್ ಒತ್ತಿದೆ. ಮೂರೂವರೆ ಡಾಲರ್ ಚಾರ್ಜು, ಒಪ್ಪಿಗೆಯೇ ಅಂತ ಕೇಳಿತು. ಹಿಂದೆ ಮೂರು ಜನ ನಿಂತಿದ್ದರು. ಒಪ್ಪಿಗೆ ಅಂದೆ. ಮನೆಗೆ ಬಂದು ನೋಡಿದರೆ ನನ್ನ ಬ್ಯಾಂಕೂ ಎರಡು ಡಾಲರ್ ತೆಗೆದಿತ್ತು, ಬೇರೆ ಮನೆಗೆ ಹೋಗಿದ್ದಕ್ಕೆ. ಇಪ್ಪತ್ತು ಡಾಲರ್ ಮುಟ್ಟೋಕೆ ಐದೂವರೆ. ಅದರ ಬದಲು ದಿನಸಿ ಅಂಗಡಿಯಲ್ಲಿ ಒಂದು ಕಟ್ಟು ಕೊತ್ತಂಬರಿ ಕೊಂಡು, ಡೆಬಿಟ್ ಕಾರ್ಡ್ ಕೊಟ್ಟು ಕ್ಯಾಷ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಒಂದಷ್ಟು ಜಾಸ್ತಿ ಹಿಡಿದು ಅದನ್ನು ನಗದಾಗಿ ಕೊಡಿ ಅಂತ ಕೇಳಿದರೆ ಎಷ್ಟೋ ಕಡೆ ಕೊಡುತ್ತಾರೆ. ಇದು ಗೊತ್ತಾಗೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಚೆಕ್ ಪುಸ್ತಕದ ಕಥೆ ಬೇಡ ಅಂದುಕೊಂಡಿದ್ದೆ, ನಮ್ಮವಳೇ ಎತ್ತಿದಳು. ಮೊದಲ ಮನೆಯ ಮಾಲೀಕ ಹನ್ನೆರಡು ತಿಂಗಳ ಚೆಕ್ ಮುಂಗಡವಾಗಿ ಕೇಳಿದ. ಊರಲ್ಲಿ ಹೇಗೂ ಕೊಡ್ತಾರಲ್ಲ ಅಂತ ಆರ್ಡರ್ ಮಾಡಿದೆ. ಬಂದದ್ದು ನೂರು ಹಾಳೆಯ ಡಬ್ಬಿ, ಬಿಲ್ಲು ಐವತ್ತಕ್ಕೂ ಮೇಲೆ. ಬಳಸಿದ್ದು ಹನ್ನೆರಡು. ಉಳಿದ ಎಂಬತ್ತೆಂಟು ಈಗಲೂ ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿವೆ, ಕರ್ಪೂರದ ಜೊತೆ. ಹಿಂಭಾಗ ಖಾಲಿ ಇದೆಯಲ್ಲ, ಒಂದೆರಡರಲ್ಲಿ ರಂಗೋಲಿ ಚುಕ್ಕಿ ಲೆಕ್ಕ ಬರೆದಿದೆ.

ಇನ್ನು ಇ-ಟ್ರಾನ್ಸ್‌ಫರ್. ಇಂಟರಾಕ್‌ನವರ ಏರ್ಪಾಡು, ಇಲ್ಲಿನವರ ಯುಪಿಐ ಅನ್ನಿ. ಆದರೆ ಯುಪಿಐ ಎಳನೀರಿನವನ ಬಳಿ ಪೀಂ ಅಂದು ಮುಗಿಯುತ್ತದೆ. ಇಲ್ಲಿ ದುಡ್ಡು ಕಳಿಸುವವನು ಒಂದು ಗುಟ್ಟಿನ ಪ್ರಶ್ನೆ ಹಾಕಬೇಕು, ಪಡೆಯುವವನು ಸರಿಯುತ್ತರ ಬರೆಯಬೇಕು. ಬರೆದರೆ ದುಡ್ಡು, ಇಲ್ಲದಿದ್ದರೆ ಇಲ್ಲ.

ಎರಡು ವರ್ಷದ ಹಿಂದಿನ ಯುಗಾದಿಗೆ ಹಬ್ಬದ ಸಾಮಾನೆಲ್ಲ ಪಾಟೀಲ ತಂದಿದ್ದ. ನನ್ನ ಪಾಲು ನೂರ ನಲವತ್ತು ಡಾಲರ್ ಕಳಿಸಿದೆ. ಯಾರೂ ಊಹಿಸಬಾರದು, ಕನ್ನಡಿಗನಿಗೆ ಮಾತ್ರ ಗೊತ್ತಿರಬೇಕು ಅಂತ ತಲೆ ಓಡಿಸಿ ಪ್ರಶ್ನೆ ಹಾಕಿದೆ: ಯುಗಾದಿಯ ಸಿಹಿ ಯಾವುದು?

ನಾನು ಮೈಸೂರಿನವನು. ಉತ್ತರ ಒಬ್ಬಟ್ಟು.

ಪಾಟೀಲ ಹೋಳಿಗೆ ಅಂತ ಬರೆದ. ತಪ್ಪು ಅಂದಿತು. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿ ಮತ್ತೆ ಹೋಳಿಗೆ ಅಂತಲೇ ಬರೆದ. ಮತ್ತೆ ತಪ್ಪು. ಮೂರನೇ ಸಲ ಸಿಟ್ಟು ಬಂದು ಹೂರಣದ ಹೋಳಿಗೆ ಅಂತ ಬರೆದ. ಬಾಗಿಲು ಮುಚ್ಚಿಕೊಂಡಿತು. ನಾನು ಆ ವರ್ಗಾವಣೆ ರದ್ದು ಮಾಡಿದ್ದಕ್ಕೆ ನನ್ನ ಬ್ಯಾಂಕು ಐದು ಡಾಲರ್ ಹಿಡಿಯಿತು.

"ತಪ್ಪು ಯಾರ್ದು? ಹೋಳಿಗಿನೇ ಸರಿ," ಅಂದ ಪಾಟೀಲ ಈಗಲೂ.

"ಒಬ್ಬಟ್ಟು," ಅಂದೆ.

"ಕಾಯಿದೊ ಬೇಳೆದೊ?" ಅಂದರು ಶೆಟ್ಟರು. ಅಲ್ಲಿಂದ ಹದಿನೈದು ನಿಮಿಷ ಬ್ಯಾಂಕಿನ ಮಾತೇ ಇಲ್ಲ.

ಹುಡುಗ ಸಿಕ್ಕ ಸಂದಿಯಲ್ಲಿ ನುಸುಳಿದ. "ಅಕ್ಕಾ, ಇದಕ್ಕೆ ಪರಿಹಾರ?"

"ಆಟೋಡೆಪಾಸಿಟ್ ಹಾಕ್ಕೋ. ನಿನ್ನ ಇಮೇಲ್‌ಗೆ ಬಂದ ದುಡ್ಡು ನೇರ ಅಕೌಂಟಿಗೆ ಬೀಳುತ್ತೆ. ಪ್ರಶ್ನೆನೂ ಇಲ್ಲ, ಹೋಳಿಗೆನೂ ಇಲ್ಲ."

ಅವನಿಗೆ ಇದ್ದ ನಿಜವಾದ ಭಯ ಆಮೇಲೆ ಹೊರಗೆ ಬಂತು. ಕೆಲಸ ಇಲ್ಲ, ಕೈಯಲ್ಲಿ ದುಡ್ಡೂ ಜಾಸ್ತಿ ಇಲ್ಲ, ಯಾರು ಖಾತೆ ಕೊಡುತ್ತಾರೆ? ಊರಲ್ಲಿ ಅವರಪ್ಪ ಪರಿಚಯದವರ ಸಹಿಗಾಗಿ ವಾರಗಟ್ಟಲೆ ಅಲೆದದ್ದು ನೋಡಿದ್ದಾನಂತೆ. ಸುಮಾ ತಟ್ಟೆ ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದಳು. ಇಲ್ಲಿ ಅದು ಹಕ್ಕು. ಸರಿಯಾದ ಗುರುತಿನ ಪತ್ರ ತೋರಿಸಿದರೆ ಕೆಲಸ ಇಲ್ಲದಿದ್ದರೂ, ಆಗಲೇ ಹಾಕೋಕೆ ದುಡ್ಡಿಲ್ಲದಿದ್ದರೂ, ಹಿಂದೆ ದಿವಾಳಿಯಾಗಿದ್ದರೂ ಬ್ಯಾಂಕು ಖಾತೆ ತೆರೆಯಲೇಬೇಕು. ವಂಚನೆಯಂಥ ಕೆಲವು ಕಾರಣ ಬಿಟ್ಟರೆ ಇಲ್ಲ ಅನ್ನುವಂತಿಲ್ಲ.

ಹೊಸಬರಿಗೆ ದೊಡ್ಡ ಬ್ಯಾಂಕುಗಳೂ ಸಾಮಾನ್ಯವಾಗಿ ಮೊದಲ ವರ್ಷ ಫೀಸು ಬಿಡುತ್ತವೆ. ಅದನ್ನು ತಗೋ, ಮೊದಲ ಕ್ರೆಡಿಟ್ ಕಾರ್ಡೂ ಅಲ್ಲೇ ಕೇಳು, ಯಾಕೆಂದರೆ ಇಲ್ಲಿ ಕ್ರೆಡಿಟ್ ಸ್ಕೋರ್ ಇಲ್ಲದವನು ಜಾತಕ ಇಲ್ಲದ ವರನ ಹಾಗೆ. ಜೊತೆಗೇ ಫೀಸಿಲ್ಲದ ಫೋನ್ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದಿಡು. "ವರ್ಷ ತುಂಬೋ ದಿನ ಬರೆದಿಟ್ಕೋ. ಮರೆತ್ರೆ ಸುಮ್ನೆ ಒಂದು ದಿನ ಹದಿನೇಳು ಕಟ್ ಆಗಿರುತ್ತೆ."

ಹುಡುಗ ಆಗಲೇ ಫೋನಿನಲ್ಲಿ ತಾರೀಕು ಹಾಕಿ ಹೆಸರು ಕೊಟ್ಟ: ವರ್ಷಾಬ್ದಿಕ.

"ಛೆ, ಅಶುಭ," ಅಂದರು ಶೆಟ್ಟರು.

"ಬೋನಸ್ ಕೊಡ್ತಾರಂತಲ್ಲ ಅಣ್ಣಾ, ಟ್ಯಾಬ್ಲೆಟ್ ಎಲ್ಲ?"

ಎಲ್ಲರೂ ಪಾಟೀಲನ ಮುಖ ನೋಡಿದೆವು. ಅವನ ಮನೆಯಲ್ಲಿ ಅಂಥದ್ದೊಂದು ಇದೆ, ಮಗಳು ಅದರಲ್ಲಿ ಕಾರ್ಟೂನ್ ನೋಡುತ್ತಾಳೆ. ಅದು ಸಿಗಬೇಕಾದರೆ ಸಂಬಳ ಆ ಖಾತೆಗೇ ಬರಬೇಕು, ಇಷ್ಟು ದಿನದೊಳಗೆ ಎರಡು ಬಿಲ್ ಕಟ್ಟಬೇಕು, ಇಷ್ಟು ತಿಂಗಳು ಖಾತೆ ಮುಚ್ಚಬಾರದು. ಪಾಟೀಲ ಷರತ್ತೆಲ್ಲ ತೀರಿಸಿದ, ಟ್ಯಾಬ್ಲೆಟ್ ಬಂತು. ಆಮೇಲೆ ಖಾತೆ ಮುಚ್ಚೋಕೆ ಮರೆತ. ಮೂರು ವರ್ಷವಾಗಿದೆ. "ಫ್ರೀ ಅಲ್ರೀ ಅದು, ಕಂತಿನ ಮ್ಯಾಲ ತಗೊಂಡೀನಿ," ಅಂತ ಅವನೇ ಒಪ್ಪಿಕೊಂಡ.

ಹೊರಡುವ ಹೊತ್ತಿಗೆ ಸುಮಾ ನನಗೂ ಒಂದು ದಾರಿ ತೋರಿಸಿದಳು. ಲಾಕರ್, ಕೌಂಟರ್ ಅಂತ ಆ ಬ್ಯಾಂಕು ಬಿಡೋಕೆ ಮನಸ್ಸಿಲ್ಲದಿದ್ದರೆ ಅಲ್ಲೇ ಕಮ್ಮಿ ಫೀಸಿನ ಖಾತೆ ಕೇಳಬೇಕಂತೆ. ಸರ್ಕಾರದ ಜೊತೆ ದೊಡ್ಡ ಬ್ಯಾಂಕುಗಳು ಮಾಡಿಕೊಂಡ ಒಪ್ಪಂದ ಇದೆ. ತಿಂಗಳಿಗೆ ಹೆಚ್ಚೆಂದರೆ ನಾಲ್ಕು ಡಾಲರ್. ತೆಗೆಯುವ ಲೆಕ್ಕಕ್ಕೆ ಮಿತಿ ಇರುತ್ತದೆ, ಅಷ್ಟೇ. ವಿದ್ಯಾರ್ಥಿಗಳಿಗೆ, ಸರ್ಕಾರದ ಪೂರಕ ಪಿಂಚಣಿ ಪಡೆಯುವ ಹಿರಿಯರಿಗೆ ಅದೂ ಇಲ್ಲ. "ಗೋಡೆ ಮೇಲೆ ಅದರ ಪೋಸ್ಟರ್ ಇರಲ್ಲ ಭಾವ. ಬಾಯಿ ಬಿಟ್ಟು ಕೇಳಬೇಕು."

ಸೋಮವಾರ ಹೋದೆ. ಅದೇ ಬಸ್ ಸ್ಟಾಪು, ಅದೇ ಹೀಟರ್.

ಕೌಂಟರಿನ ಹುಡುಗಿ ಬಹಳ ಪ್ರೀತಿಯಿಂದ ಮಾತಾಡಿಸಿದಳು. ಆರು ವರ್ಷದಿಂದ ನಮ್ಮ ಜೊತೆ ಇದ್ದೀರಿ ಅಂತ ಪರದೆ ನೋಡಿ ಹೇಳಿದಳು. ಖಾತೆ ಬದಲಿಸಬೇಕು ಅಂದೆ. ಖುಷಿಯಾಗಿ ಮೂವತ್ತು ಡಾಲರಿನ ಖಾತೆಯ ಬಣ್ಣದ ಕರಪತ್ರ ಕೊಟ್ಟಳು. ಇದರಲ್ಲಿ ಕಾರ್ಡಿನ ವಾರ್ಷಿಕ ಶುಲ್ಕ ಫ್ರೀ, ಡ್ರಾಫ್ಟ್ ಫ್ರೀ. ಒಂದು ಕ್ಷಣ ನನ್ನ ತಲೆ ತೂಗಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಗ್ರೈಂಡರ್ ನೆನಪಾಯಿತು.

"ನಾಲ್ಕು ಡಾಲರಿನದು," ಅಂದೆ.

ಅವಳು ಕೀಬೋರ್ಡ್ ಮೇಲೆ ಸ್ವಲ್ಪ ಹೊತ್ತು ಹುಡುಕಿದಳು. ಪಕ್ಕದವಳನ್ನು ಕೇಳಿದಳು. ಇಬ್ಬರೂ ಪರದೆಗೆ ಬಗ್ಗಿದರು. ಕೊನೆಗೆ ಸಿಕ್ಕಿತು, ಪಟ್ಟಿಯ ತೀರಾ ಕೆಳಗೆ. ಎರಡು ಸಹಿ, ಐದು ನಿಮಿಷ. ಆರು ವರ್ಷ ನಾನು ಹೆದರಿಕೊಂಡಿದ್ದ ಕೆಲಸ ಅದು.

ಮನೆಗೆ ಬಂದು ಗತ್ತಿನಿಂದ ಹೇಳಿದೆ. "ತಿಂಗಳಿಗೆ ಹದಿಮೂರು ಡಾಲರ್ ಉಳಿಸಿದೆ ಕಣೇ. ಹೀಗೇ ಕೂಡಿಟ್ರೆ ಎರಡು ವರ್ಷದೊಳಗೆ ನಿನ್ನ ಗ್ರೈಂಡರ್."

ಅವಳು ಬಾಗಿಲ ಕಡೆ ಕಣ್ಣು ತೋರಿಸಿದಳು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ದೊಡ್ಡ ರಟ್ಟಿನ ಡಬ್ಬಿ. ಮೇಲಿನ ಟೇಪು ಆಗಲೇ ಹರಿದಿತ್ತು.

"ಶನಿವಾರ ರಾತ್ರಿನೇ ಆರ್ಡರ್ ಮಾಡಿದೆ. 110 ವೋಲ್ಟಿಂದೇ, ನೋಡಿಯೇ ತರಿಸಿದ್ದೀನಿ."

"ಯಾವ ಅಕೌಂಟಿಂದ?"

"ಉದ್ದಿನಬೇಳೆ ನೆನೆದಾಗಿದೆ," ಅಂದಳು. "ಎತ್ತಿ ಕಟ್ಟೆ ಮೇಲಿಡಿ."